ಬೆಂಕಿಗುಡ್ಡದ ಬಟ್ಟಲು

ಕೊಟ್ರೇಶಣ್ಣ ಊಟಕ್ಕೆ ಕೂತರೆ ಅವನ ಎಡಗೈ ತಟ್ಟೆಯ ಅಂಚನ್ನು ಬಿಡುತ್ತಿರಲಿಲ್ಲ. ಮದುವೆ ಪಂಕ್ತಿಯ ಬಾಳೆ ಎಲೆಯಾದರೂ ಅಷ್ಟೆ, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಉಣ್ಣುತ್ತಿದ್ದ. ಚಹಾದಂಗಡಿಯಲ್ಲಿ ಗ್ಲಾಸು ಕೊಟ್ಟರೆ ಮುಗಿಯುವ ತನಕ ಕೈಯಲ್ಲೇ. ಬಿಸಿ ಇದ್ದರೆ ಟವೆಲ್ ಸುತ್ತಿ ಹಿಡಿಯುತ್ತಿದ್ದನೇ ಹೊರತು ಮೇಜಿನ ಮೇಲೆ ಇಡುವವನಲ್ಲ. "ಯಾಕಣ್ಣ, ಯಾರಾದ್ರೂ ಕಸಗೊಂಡು ಹೋಗ್ತಾರನು?" ಎಂದು ಒಮ್ಮೆ ಕೇಳಿದೆ. "ಇಲ್ರಿ ಅಕ್ಕೋರ, ಕೈ ಬಿಟ್ರ ಜಾರತೈತಿ" ಅಂದ. ನಮ್ಮ ಕೊಟ್ಟೂರಿನಲ್ಲಿ ಮೇಜು ಜಾರಿದ್ದನ್ನು ನಾನಂತೂ ಕಂಡಿಲ್ಲ. ಆದರೆ ವರ್ಷದಲ್ಲಿ ಎಂಟು ಒಂಬತ್ತು ತಿಂಗಳು ಅವನು ಉಣ್ಣುತ್ತಿದ್ದುದು ಹಡಗಿನಲ್ಲಿ.

ಅವನು ಮೊದಲ ಸಲ ಹೊರಟಾಗಲೇ ಗೊಂದಲ ಶುರುವಾಗಿತ್ತು. ಅವನನ್ನು ಸಾಕಿದ ದೊಡ್ಡಮ್ಮನಿಗೆ ಕಿವಿ ಸ್ವಲ್ಪ ಮಂದ. ಕಾಲಿಗೆ ಬಿದ್ದು, "ದೊಡ್ಡವ್ವ, ಹಡಗಿಗೆ ಹೊಂಟೀನಿ" ಅಂದಿದ್ದಾನೆ. ಆಕೆ, "ಹಡಗಲಿಗಾ? ಬರೋವಾಗ ಎರಡು ಮಳ ಮಲ್ಲಿಗಿ ತಗಂಬಾ" ಅಂದಿದ್ದಾಳೆ. ಸಂಜೆ ಬಸ್ಸಿಗೆ ಬರಲಿಲ್ಲ, ಮರುದಿನವೂ ಬರಲಿಲ್ಲ. ಮೂರನೆಯ ದಿನ ಆಕೆ ಬಸ್‌ಸ್ಟ್ಯಾಂಡಿಗೇ ಬಂದು ಹಡಗಲಿ ಬಸ್ಸಿನ ಕಂಡಕ್ಟರನನ್ನು ಹಿಡಿದುಕೊಂಡು, "ನಮ್ಮ ಹುಡುಗನ್ನ ಎಲ್ಲಿ ಇಳಿಸೀಯಪ್ಪ?" ಎಂದು ಜಗಳ ತೆಗೆದಳು. ಅದನ್ನು ನಾನೇ ಕಣ್ಣಾರೆ ನೋಡಿದೆ. ಹಡಗಲಿಗೆ ಹೋದ ಮಗ ಹತ್ತು ತಿಂಗಳು ಕಳೆದು ಬಂದ, ಮಲ್ಲಿಗೆಯಿಲ್ಲದೆ.

ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಆರು ಮಷೀನು, ಎರಡು ಫ್ಯಾನು, ಅವುಗಳಲ್ಲಿ ಒಂದು ತಿರುಗುತ್ತಿತ್ತು. ಹುಡುಗ ಹುಡುಗಿಯರಿಗೆ ಕಲಿಸುವುದು ಒಂದು ಕಡೆಯಾದರೆ, ಊರಿನವರ ಇಂಗ್ಲಿಷ್ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಹೋಗುತ್ತಿದ್ದವು. ಹಾಗಾಗಿ ನನಗಿಂತ ಹತ್ತು ವರ್ಷ ದೊಡ್ಡವನಾದ, ನಮ್ಮ ಓಣಿಯವನೇ ಆದ ಕೊಟ್ರೇಶಣ್ಣನೂ ನನ್ನನ್ನು ಶಾಲೆಯ ಟೀಚರನ್ನು ಕರೆದಂತೆ ಅಕ್ಕೋರ ಎಂದೇ ಕರೆಯುತ್ತಿದ್ದ. ತೊಂಬತ್ತರ ದಶಕದ ಆರಂಭದಲ್ಲಿ ಅವನು ಪಾಸ್‌ಪೋರ್ಟಿನ ಅರ್ಜಿ ಹಿಡಿದು ಬಂದ. ಮೊದಲು ಇಲ್ಲಿಯ ಖಾನಾವಳಿಯಲ್ಲಿದ್ದವನು, ಆಮೇಲೆ ಗೋವಾದ ಹೋಟೆಲಿಗೆ ಹೋಗಿದ್ದ. ಅಲ್ಲಿಂದ ಯಾರೋ ಹಡಗಿಗೆ ಸೇರಿಸುತ್ತೇನೆ ಅಂದಿದ್ದರು.

"ಕೆಲಸ ಏನಂತ ಬರೀಲಿ?"

"ಪಾತ್ರಿ ತೊಳೆಯೋದು ಅಂತ ಬರೀರಿ."

"ಕಿಚನ್ ಅಸಿಸ್ಟೆಂಟ್ ಅಂತ ಹಾಕ್ತೀನಿ, ಛಲೋ ಕಾಣತೈತಿ."

"ಬ್ಯಾಡ್ರಿ ಅಕ್ಕೋರ. ಆಮ್ಯಾಲೆ ಅಡಗಿ ಮಾಡು ಅಂದ್ರ ನನ್ನ ಗತಿ ಏನು?"

ಪಾತ್ರೆ ತೊಳೆಯುವುದರಲ್ಲಿ ಅವನಿಗೆ ನಾಚಿಕೆ ಇರಲಿಲ್ಲ, ಹೆಮ್ಮೆಯೇ ಇತ್ತು. ಹರಪನಹಳ್ಳಿಯಲ್ಲಿ ಅವನ ಹೆಂಡತಿ ನೀಲಮ್ಮನ ತಂಗಿಯ ಮದುವೆ ನಡೆದಾಗ ಮನೆಯ ಅಳಿಯನೆಂದು ಬೀಗರ ಸಾಲಿನಲ್ಲಿ ಕೂತಿದ್ದವನು, ಬಡಿಸಿದ ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಸರಕ್ಕನೆ ಎದ್ದು ಹೋದ. ಸಿಟ್ಟಾಗಿ ಹೋದನೆಂದು ಹೆಣ್ಣಿನ ಕಡೆಯವರೆಲ್ಲ ಹಿಂದೆ ಓಡಿದರು. ನೋಡಿದರೆ ಛತ್ರದ ಹಿತ್ತಲಲ್ಲಿ ರೇಷ್ಮೆ ಪಂಚೆ ಮೇಲಕ್ಕೆ ಕಟ್ಟಿ, ಪಾತ್ರೆ ತೊಳೆಯುವ ಹೆಂಗಸರ ನಡುವೆ ಕುಕ್ಕರುಗಾಲಿನಲ್ಲಿ ಕೂತಿದ್ದಾನೆ. "ಯವ್ವಾ, ಮೊದಲು ಬಿಸಿನೀರು, ಆಮ್ಯಾಲೆ ತಣ್ಣೀರು. ಹಿಂಗ, ಹಿಂಗ!" ಅಂತ ಪಾಠ ಬೇರೆ. ನೀಲಮ್ಮ ಮೂರು ದಿನ ಅವನ ಜೊತೆ ಮಾತು ಬಿಟ್ಟಿದ್ದಳು.

ಅವನ ಹಡಗು ಸರಕಿನದಲ್ಲ. ನೂರು ಚಿಲ್ಲರೆ ವಿದೇಶಿ ಮುದುಕ ಮುದುಕಿಯರನ್ನು ಹತ್ತಿಸಿಕೊಂಡು, ಯಾರೂ ಹೋಗದ ಕಡೆಗೆ ಹೋಗುವ ಪ್ರವಾಸದ ಹಡಗು. ಅಲ್ಲಿಗೆ ಹೋಗಿ ಏನು ಮಾಡುತ್ತಾರೆ ಎಂಬುದು ಅವನಿಗೂ ಬಗೆಹರಿಯಲಿಲ್ಲ, ಅವನು ಹೇಳಿದ್ದು ಕೇಳಿ ನನಗೂ ಬಗೆಹರಿಯಲಿಲ್ಲ. "ರೊಕ್ಕ ಕೊಟ್ಟು ಚಳಿ ತಿನ್ನಾಕ ಬರ್ತಾರ್ರಿ. ಕೆಂಪು ಕೋಟು ಹಾಕ್ಕೊಂಡು ರಬ್ಬರ್ ದೋಣಿಯಾಗ ಇಳಿದು ಹೋಗಿ ಒಂದು ಕಲ್ಲು ನೋಡ್ತಾರ. ಒಂದ ಕಲ್ಲು, ನೂರು ಮಂದಿ! ಕಲ್ಲಿನ ಮ್ಯಾಲೆ ಒಂದು ಹಕ್ಕಿ ಕುಂತಿದ್ರ ಮುಗೀತು, ರಾತ್ರಿ ಊಟದಾಗೆಲ್ಲ ಅದ ಮಾತು." "ಮತ್ತ ನಿಮ್ಮನ್ನ ಕೆಳಗ ಇಳಿಸಂಗಿಲ್ಲನು?" ಅಂದರೆ, "ನಾವು ಇಳಿದ್ರ ಪಾತ್ರಿ ಯಾರು ತೊಳೀತಾರ್ರಿ?" ಎಂದು ನಗುತ್ತಿದ್ದ. ಅವನಿಗೆ ಲೋಕವೆಲ್ಲ ಕಂಡದ್ದು ಪಾತ್ರೆ ತೊಳೆಯುವ ಕೋಣೆಯ ಒಂದು ದುಂಡು ಕಿಟಕಿಯಿಂದ.

ಒಂದೇ ಒಂದು ಕಡೆ ಇಳಿದಿದ್ದ. ಎರಡನೆಯ ಸಲ ಹೋಗಿ ಬಂದ ಮೇಲೆ ಆ ಕಥೆ ಹೇಳಿದ. ನೀಲಮ್ಮನೂ ಇನ್‌ಸ್ಟಿಟ್ಯೂಟಿನ ಮೆಟ್ಟಿಲ ಮೇಲೆ ಕೂತಿದ್ದಳು.

"ಅಕ್ಕೋರ, ಸಮುದ್ರದ ನಟ್ಟನಡುವೆ ಒಂದು ದೀಪ ಐತ್ರಿ."

"ಎಂಥಾ ದೀಪ? ಯಾವ ಗುಡ್ಯಾಗ?" ನೀಲಮ್ಮ ಕೇಳಿದಳು.

"ಗುಡಿ ಎಲ್ಲಿ ಬಂತು? ದೀಪ ಅಂದ್ರ ದೀಪ. ಅದರಾಗ ಮಂದಿ ಅದಾರ. ಒಳಗ ಬೆಂಕಿ ಐತಿ."

"ದೀಪದಾಗ ಬೆಂಕಿ ಇರದ ಮತ್ತೇನಿರತೈತಿ? ತಲಿ ಕೆಟ್ಟೈತಿ ನಿಮಗ."

ನಾನು ನಡುವೆ ಬಾಯಿ ಹಾಕಿ ದ್ವೀಪ, ದ ಕೆಳಗೆ ವ ಒತ್ತು, ಎಂದು ಬಿಡಿಸಿ ಹೇಳಿದೆ. ಇಬ್ಬರೂ ನನ್ನನ್ನೇ ನೋಡಿದರು. ಕೊಟ್ರೇಶಣ್ಣ, "ಅದನ್ನ ನಾನೂ ಹೇಳಿದ್ದು. ದೀಪ" ಅಂದ.

ಮನೆಗೆ ಹೋಗಿ ತಮ್ಮನ ಹಳೆಯ ಅಟ್ಲಾಸ್ ತೆಗೆದು ಹುಡುಕಿದೆ. ಇಡೀ ಹಾಳೆ ನೀಲಿ, ನಡುವೆ ಒಂದು ಚುಕ್ಕೆ. ಮಸಿಯ ಕಲೆಯೋ ಊರೋ ಗೊತ್ತಾಗುವಂತಿರಲಿಲ್ಲ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಈ ಕಥೆಯಲ್ಲಿ ಮುಂದೆ ಬರುವ ಮನೆಯವರು ಈಗಲೂ ಅಲ್ಲಿ ಇದ್ದಾರೆ. "ನಮ್ಮ ಉಚ್ಚಂಗಿದುರ್ಗದ ಗುಡ್ಡ ಐತಲ್ರಿ, ಅಂಥಾವು ಹತ್ತು ಒಂದರ ಮ್ಯಾಲೊಂದು ಇಟ್ಟಂಗ ಐತಿ. ಸುತ್ತಲೂ ನೀರು. ಬುಡಕ್ಕ ಊರು, ಊರಂದ್ರ ನಮ್ಮ ಓಣಿಯಷ್ಟು. ಉಸುಕೆಲ್ಲ ಕರ್ರಗ" ಎನ್ನುತ್ತಿದ್ದ ಅವನು. ಒಂದು ಕಾಲದಲ್ಲಿ ಆ ಗುಡ್ಡ ಬಾಯಿಬಿಟ್ಟು ಬೆಂಕಿ ಕಾರಿ, ಊರಿನವರನ್ನೆಲ್ಲ ಹಡಗಿನಲ್ಲಿ ಬೇರೆ ದೇಶಕ್ಕೆ ಒಯ್ದಿದ್ದರಂತೆ. ಬೆಂಕಿ ತಣ್ಣಗಾದ ಮೇಲೆ ಹೆಚ್ಚಿನವರು ತಿರುಗಿ ಅಲ್ಲಿಗೇ ಬಂದರಂತೆ.

"ಯಾಕ ಬಂದ್ರು?" ಅಂದೆ.

"ಮನಿ ಅಲ್ಲೇ ಐತಲ್ರಿ."

"ಮತ್ತೆ ಬೆಂಕಿ ಬಂದ್ರ?"

"ಅದನ್ನ ನಾನೂ ಕೇಳಬೇಕು ಅಂದ್ಕೊಂಡೆ. ಭಾಷೆ ಬರಬೇಕಲ್ರಿ."

ಅವತ್ತು ಸಮುದ್ರ ಅಪರೂಪಕ್ಕೆ ತಟ್ಟೆಯಷ್ಟು ಸಮನಾಗಿತ್ತಂತೆ. ದೊಡ್ಡ ಸಾಹೇಬರಿಗೆ ಏನನ್ನಿಸಿತೋ, ಕೆಲಸದವರೂ ಎರಡು ತಾಸು ಇಳಿದು ಬನ್ನಿ ಅಂದರು. ಪ್ರವಾಸಿಗಳೆಲ್ಲ ಗುಡ್ಡದ ಕಡೆ ಹೋದರು. ಇವನು ಊರೊಳಗೆ ಹೋದ. ಕಲ್ಲು ಗೋಡೆಯ ಮನೆಗಳು, ಆಲೂಗಡ್ಡೆಯ ಹೊಲ, ಅಡ್ಡಾಡುವ ಕೋಳಿ. ಒಂದು ಮನೆಯ ಗೇಟಿನಲ್ಲಿ ನಿಂತಿದ್ದ ಮುದುಕಿ ಇವನನ್ನು ಕೈಮಾಡಿ ಕರೆದಳು. ಏಳು ತಿಂಗಳಿಂದ ಒಂದು ಮನೆಯ ಹೊಸ್ತಿಲು ತುಳಿದಿರಲಿಲ್ಲ, ಕರೆದ ಕೂಡಲೇ ಕಣ್ಣು ತುಂಬಿ ಬಂತು ಎಂದ. ಒಳಗೆ ಕೂರಿಸಿ, ಬೇಯಿಸಿದ ಆಲೂಗಡ್ಡೆಗೆ ಬೆಣ್ಣೆ ಹಾಕಿ ಒಂದು ಬಟ್ಟಲಲ್ಲಿ ಕೊಟ್ಟಳು. ಇವನು ಕನ್ನಡದಲ್ಲಿ ಮಾತಾಡಿದ, ಆಕೆ ಅವರ ಇಂಗ್ಲಿಷಿನಲ್ಲಿ ಮಾತಾಡಿದಳು. ಹೆಸರು ಕೇಳುವುದು ಹೊಳೆಯಲಿಲ್ಲ, ಅವ್ವ ಅಂದ, ಆಕೆ ಓಗೊಟ್ಟಳು.

ಎರಡು ಆಲೂಗಡ್ಡೆ ತಿನ್ನುವಷ್ಟರಲ್ಲಿ ಗಾಳಿ ತಿರುಗಿ ಹಡಗು ಕೂಗಿತು. ಎಲ್ಲರೂ ಓಡಿದರು. ಎದ್ದವನ ಕೈಗೆ ಆಕೆ ಉಳಿದ ಆಲೂಗಡ್ಡೆ ಸಮೇತ ಬಟ್ಟಲು ತುರುಕಿದಳು. ರಬ್ಬರ್ ದೋಣಿಯಲ್ಲಿ ಕೂತು ತಿಂದು ಮುಗಿಸಿದ ಮೇಲೆ ಅವನಿಗೆ ಅರಿವಾಯಿತು, ಬಟ್ಟಲು ತನ್ನ ಹತ್ತಿರವೇ ಉಳಿದಿದೆ.

ಬಿಳಿಯ ಪಿಂಗಾಣಿ ಲೇಪದ ತಗಡಿನ ಬಟ್ಟಲು, ಅಂಚಿಗೆ ನೀಲಿ ಗೆರೆ, ಒಂದು ಕಡೆ ಲೇಪ ಕಿತ್ತು ಕಪ್ಪಾಗಿತ್ತು. ನಮ್ಮ ಸಂತೆಯಲ್ಲೂ ಅಂಥದ್ದು ಸಿಗುತ್ತದೆ. ಆದರೆ ಕೊಟ್ರೇಶಣ್ಣನಿಗೆ ಅದು ನಿದ್ದೆಗೆಡಿಸಿತು. ನಮ್ಮ ಕಡೆ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಪಕ್ಕದ ಮನೆಯಿಂದ ಹುಗ್ಗಿ ಬಂದ ಪಾತ್ರೆಯನ್ನು ತಿರುಗಿ ಕೊಡಲೇಬೇಕು, ಬರಿದು ಕೊಡುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಅವನಿಗೋ ಪಾತ್ರೆಯೇ ದೇವರು. ದಿನಕ್ಕೆ ಸಾವಿರ ಪಾತ್ರೆ ತೊಳೆದು ಅದರದರ ಜಾಗದಲ್ಲಿ ಇಡುವ ಮನುಷ್ಯನ ಹತ್ತಿರ, ಜಾಗ ತಪ್ಪಿದ ಒಂದು ಬಟ್ಟಲು ಉಳಿದುಬಿಟ್ಟಿತ್ತು.

"ಯಾವಾಕಿ ಆಕಿ?" ಎಂದು ನೀಲಮ್ಮ ಮೊದಲು ಗುದ್ದಾಡಿದಳು. ಆಕೆಗೆ ಎಪ್ಪತ್ತು ದಾಟಿದೆ ಎಂದು ಮೂರು ಸಲ ಆಣೆ ಮಾಡಿದ ಮೇಲೆ ಸಮಾಧಾನವಾಗಿ, ಏನು ತುಂಬಿ ಕಳಿಸಬೇಕು ಎಂದು ಯೋಚನೆಗೆ ಕೂತಳು. ಮಂಡಕ್ಕಿ ಮೆತ್ತಗಾಗುತ್ತದೆ. ಖಡಕ್ ರೊಟ್ಟಿ ಮುರಿಯುತ್ತದೆ. "ಆಕಿಗೆ ಹಲ್ಲು ಅದಾವೇನ್ರಿ?" ಎಂದು ಕೇಳಿದಳು. ಅವನು ನೆನಪು ಮಾಡಿಕೊಂಡು, "ಮುಂದಿನವು ಅದಾವು" ಅಂದ. ಕೊನೆಗೆ ಪುಟಾಣಿಯ, ಅಂದರೆ ಹುರಿಗಡಲೆಯ, ಹಿಟ್ಟಿಗೆ ಬೆಲ್ಲ ಹಾಕಿ ತಂಬಿಟ್ಟಿನ ಉಂಡೆ ಕಟ್ಟಿದಳು. ಕೆಡುವುದಿಲ್ಲ, ಜಗಿಯುವುದೂ ಬೇಕಿಲ್ಲ.

ಮುಂದಿನ ಸಲ ಹಡಗು ಆ ದ್ವೀಪದ ತನಕ ಹೋಯಿತು. ಅಲೆ ಎದ್ದು ಯಾರನ್ನೂ ಇಳಿಸಲಿಲ್ಲ. ಅರ್ಧ ದಿನ ಅಲ್ಲೇ ನಿಂತು, ಮಂಜಿನೊಳಗೆ ಬುಡ ಮಾತ್ರ ಕಾಣುವ ಗುಡ್ಡವನ್ನು ತೋರಿಸಿ ಹಿಂದಕ್ಕೆ ಬಂದರು. ಇವನು ಡೆಕ್ಕಿನ ಮೇಲೆ ಬಟ್ಟಲು ಹಿಡಿದು ನಿಂತಿದ್ದನಂತೆ. ಅದರ ಮುಂದಿನ ಸಲ ಹಡಗು ಆ ದಾರಿಯನ್ನೇ ಹಿಡಿಯಲಿಲ್ಲ. ಆಮೇಲೊಮ್ಮೆ ಹೋದರು, ಮತ್ತೆ ಅಲೆ. ಪ್ರತಿ ಸಲವೂ ನೀಲಮ್ಮ ಹೊಸದಾಗಿ ತಂಬಿಟ್ಟು ಕಟ್ಟುವಳು, ಇವನು ತಾನೇ ತಿಂದು ಬಟ್ಟಲು ಮನೆಗೆ ತರುವನು. ಊರಿನಲ್ಲಿ ಬಟ್ಟಲ ಕೊಟ್ರೇಶಿ ಎಂದು ಹೆಸರು ಬಿತ್ತು. ಚಹಾದಂಗಡಿಯವನು, "ಏನಪ, ಬಟ್ಟಲ ಊರು ಸುತ್ತಿ ಬಂತನು?" ಎಂದು ಕೇಳುವನು. ಬಂದಿದೆ, ಆರಾಮದಿಂದ ಇದೆ ಎಂದು ಇವನೂ ನೆಂಟರ ಸುದ್ದಿ ಹೇಳಿದಂತೆ ಹೇಳುವನು.

ಎಷ್ಟೋ ವರ್ಷ ಇದು ಹೀಗೇ ನಡೆಯಿತು. ಒಮ್ಮೆ ನನಗೆ ತಲೆ ಕೆಟ್ಟು, "ಅಣ್ಣ, ಪಾರ್ಸಲ್ ಮಾಡಿ ಒಗೀಬಾರದನು? ವಿಳಾಸ ಕೊಡು, ನಾನ ಬರದು ಕಳಿಸ್ತೀನಿ" ಅಂದೆ. ಅವನ ಮುಖ ಸಣ್ಣಗಾಯಿತು. "ಆಕಿ ನನಗ ಪೋಸ್ಟಿನಾಗ ಕಳಿಸಿದ್ಲನ್ರಿ? ಕೈಯಾಗ ಕೊಟ್ಟಾಳ. ಕೈಯಾಗ ಕೊಡಬೇಕು."

ಎರಡು ಸಾವಿರದ ನಂತರದ ಮಾತು. ಅವನಿಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು, ಇದೇ ಕೊನೆಯ ಸಲ ಎಂದು ಹೇಳಿ ಹೋಗಿದ್ದ. ತಿರುಗಿ ಬಂದಾಗ ಸಣ್ಣಗಾಗಿದ್ದ. ಇನ್‌ಸ್ಟಿಟ್ಯೂಟಿನ ಒಳಗೆ ಬಂದು ಸ್ಟೂಲಿನ ಮೇಲೆ ಕೂತ. ಕೈಯಲ್ಲಿ ಬಟ್ಟಲು ಇರಲಿಲ್ಲ.

"ಕೊಟ್ಯಾ ಅಣ್ಣ? ಅಂತೂ ಕೊಟ್ಯಾ?" ನಾನು ಚಪ್ಪಾಳೆ ತಟ್ಟಿದೆ, ಟೈಪ್ ಮಾಡುತ್ತಿದ್ದ ಹುಡುಗಿಯರೂ ನಿಲ್ಲಿಸಿ ನೋಡಿದರು.

"ಕೊಟ್ಟೆ ಅಕ್ಕೋರ" ಅಂದ. ಆದರೆ ಮುಖದಲ್ಲಿ ಗೆಲುವಿರಲಿಲ್ಲ.

ಸಮುದ್ರ ಶಾಂತವಾಗಿತ್ತು, ಕೇಳಿಕೊಂಡ ಮೇಲೆ ಇವನನ್ನೂ ಒಂದು ತಾಸು ಬಿಟ್ಟರು. ಗೇಟು ಗುರುತು ಸಿಕ್ಕಿತು. ಮುದುಕಿ ಈಗ ಏಳಲಾರಳು, ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದಳು, ಮಗಳು ಪಕ್ಕದಲ್ಲಿದ್ದಳು. ಇವನು ತಂಬಿಟ್ಟು ತುಂಬಿದ ಬಟ್ಟಲನ್ನು ಎರಡೂ ಕೈಯಲ್ಲಿ ಕೊಟ್ಟು, ಬಗ್ಗಿ ಕಾಲು ಮುಟ್ಟಿದ. ಆಕೆ ಬಟ್ಟಲು ನೋಡಿದಳು, ಇವನನ್ನು ನೋಡಿದಳು. ಆಮೇಲೆ ಅಳಲು ಶುರುಮಾಡಿದಳು. ಬಾಯಿ ಮುಚ್ಚಿಕೊಂಡು, ಭುಜ ನಡುಗುವ ಹಾಗೆ ಅತ್ತಳು. ಏನೇನೋ ಹೇಳಿದಳು, ಇವನಿಗೆ ಒಂದೂ ತಿಳಿಯಲಿಲ್ಲ. ಅಷ್ಟರಲ್ಲಿ ಹೊರಡುವ ಹೊತ್ತಾಗಿತ್ತು. ಮಗಳು ಒಂದು ಚೀಟಿಯಲ್ಲಿ ಹೆಸರು, ವಿಳಾಸ ಬರೆದು ಕೊಟ್ಟಳು.

"ಯಾಕ ಅತ್ಲು ಅಕ್ಕೋರ?"

"ಸಂತೋಷಕ್ಕ ಇರಬೇಕು ಬಿಡಣ್ಣ. ವಯಸ್ಸಾದವ್ರು ಅಳತಾರ."

"ಅಲ್ರಿ. ಸಂತೋಷದ ಅಳು ನನಗ ಗೊತ್ತಾಗಂಗಿಲ್ಲನು? ಅವರ ಕಡೆ ಹೆಂಗೋ ಏನೋ. ಪ್ರೀತಿಲೆ ಕೊಟ್ಟಿದ್ದನ್ನ ತಿರುಗಿ ಕೊಟ್ರ, ನಿನ್ನ ಸಂಬಂಧ ಬ್ಯಾಡ ಅಂದಂಗೋ ಏನೋ. ನಾನು ಇಷ್ಟು ವರ್ಷ ಹೊತ್ತಕೊಂಡು ತಿರುಗಿ, ಹೋಗಿ ಆಕಿ ಮನಸ್ಸು ಮುರದು ಬಂದ್ನೇನೋ."

ನಮ್ಮಲ್ಲಿ ಪಾತ್ರೆ ಕೊಡದಿದ್ದರೆ ಮನಸ್ಸು ಮುರಿಯುತ್ತದೆ, ಅಲ್ಲಿ ಕೊಟ್ಟರೆ ಮುರಿಯಬಹುದೇ? ಹೌದೂ ಅನ್ನಿಸಿತು, ಇರಲಾರದು ಎಂದೂ ಅನ್ನಿಸಿತು. ನೀಲಮ್ಮನನ್ನು ಕೇಳಿದರೆ, "ನಾನು ಮೊದಲ ಹೇಳಿದ್ದೆ, ಇಟ್ಕೋರಿ ಅಂತ" ಎಂದಳು. ಅವಳು ಹಾಗೆ ಹೇಳಿದ್ದು ನನಗಂತೂ ನೆನಪಿಲ್ಲ.

ಅವನು ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು, "ನೀವು ಒಂದು ಕಾಗದ ಬರೀರಿ. ಯಾಕ ಅತ್ತಿ, ನಾನು ತಪ್ಪು ಮಾಡಿದ್ನಾ, ಅಂತ ಅಷ್ಟ ಕೇಳ್ರಿ" ಅಂದ. ಬರೆಯುತ್ತೇನೆ ಅಂದೆ.

ಬರೆಯಲಿಲ್ಲ. ಆ ವಾರ ಪರೀಕ್ಷೆ ಇತ್ತು. ಆಮೇಲೆ ಎದುರಿಗೆ ಕಂಪ್ಯೂಟರ್ ಸೆಂಟರ್ ಶುರುವಾಗಿ ನನ್ನ ಹುಡುಗಿಯರೆಲ್ಲ ಅಲ್ಲಿಗೆ ಹೋಗತೊಡಗಿದರು, ನನಗೆ ಅದೇ ಚಿಂತೆ. ಆಮೇಲೆ ಅಮ್ಮ ಬಿದ್ದು ಸೊಂಟ ಮುರಿದುಕೊಂಡಳು. ಕಾರಣ ಕೊಡುತ್ತಾ ಹೋದರೆ ಇನ್ನೂ ಇವೆ. ನಿಜ ಹೇಳುತ್ತೇನೆ, ಆ ಕಾಗದ ನನಗೆ ದೊಡ್ಡದು ಅನ್ನಿಸಿರಲೇ ಇಲ್ಲ. ಮುದುಕಿ ಅತ್ತದ್ದಕ್ಕೆ ಏನು ಕಾರಣ ಕೇಳುವುದು! ಅವನು ಹಡಗು ಬಿಟ್ಟು ಮನೆಯಲ್ಲೇ ಇದ್ದ, ತಿಂಗಳಿಗೊಮ್ಮೆ ಬಂದು ನಿಲ್ಲುವನು. "ಬರದ್ರೇನ್ರಿ?" ಎಂದು ನೇರವಾಗಿ ಕೇಳುತ್ತಿರಲಿಲ್ಲ. "ಅಲ್ಲಿಗೆ ಕಾಗದ ಹೋಗಾಕ ಭಾಳ ದಿನ ಹಿಡೀತೈತಂತ್ರಿ" ಎನ್ನುವನು. ನಾನು ಮುಂದಿನ ವಾರ ಎನ್ನುವೆ. ಹೀಗೆ ಒಂದು ವರ್ಷ ದಾಟಿತು.

ಕೊನೆಯ ಸಲ ಬಂದಾಗ ಒಳಗೆ ಸ್ಪೀಡ್ ಟೆಸ್ಟ್ ನಡೆಯುತ್ತಿತ್ತು. ನಾನು ಗಡಿಯಾರ ಹಿಡಿದು ನಿಂತಿದ್ದೆ. ಅವನು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದ. ನಾಳೆ ಬಾ ಎಂದು ಕೈಯಲ್ಲೇ ಸನ್ನೆ ಮಾಡಿದೆ. ಆಗಲಿ ಎಂದು ತಲೆಯಾಡಿಸಿ, ಒಳಗೆ ಸದ್ದಾಗಬಾರದೆಂದು ಚಪ್ಪಲಿ ಎತ್ತಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದ. ಮಾರನೆಯ ದಿನ ಕೂಡ್ಲಿಗಿಗೆ ಅಕ್ಕನ ಮನೆಗೆ ಹೋಗಿದ್ದಾನೆ. ಅಲ್ಲಿ ಊಟ ಮಾಡಿ ಮಲಗಿದವನು ಏಳಲಿಲ್ಲ.

ಮಣ್ಣಿಗೆ ಹೋಗಿ ಬಂದೆ. ಮನೆಗೆ ಬಂದು ಅತ್ತೆ, ಎಲ್ಲರೂ ಮಲಗಿದ ಮೇಲೆ ಇನ್ನೊಂದು ಸಲ ಅತ್ತೆ. ಹನ್ನೊಂದು ದಿನ ಕಳೆದು ಮಷೀನಿನ ಮುಂದೆ ಕೂತು ಕಾಗದ ಬರೆದೆ. ಅವನು ಸತ್ತಿದ್ದಾನೆ ಎಂದು ಬರೆಯಲು ಕೈ ಬರಲಿಲ್ಲ. ಅವನೇ ಬರೆದ ಹಾಗೆ, ನಾನು ನಾನು ಎಂದು ಬರೆದು, ಕೆಳಗೆ ಅವನ ಹೆಸರು ಟೈಪ್ ಮಾಡಿ ಕಳಿಸಿದೆ. ಅದು ಸರಿಯೋ ತಪ್ಪೋ ನನಗೆ ಈಗಲೂ ಗೊತ್ತಿಲ್ಲ.

ಉತ್ತರ ಬಂತು. ನಾನು ನಂಬಿರಲಿಲ್ಲ, ಆದರೂ ಬಂತು. ಮುದುಕಿಯ ಮಗಳು ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು. ನೀಲಮ್ಮನ ಮನೆಗೆ ಹೋಗಿ ಕನ್ನಡದಲ್ಲಿ ಓದಿ ಹೇಳಿದೆ.

"ನಮ್ಮ ಅಮ್ಮ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅವರು ಅತ್ತದ್ದಕ್ಕೆ ನೀವು ಬೇಜಾರು ಮಾಡಿಕೊಂಡಿದ್ದೀರಿ, ನಾವು ಆ ದಿನವೇ ಹೇಳಬೇಕಿತ್ತು. ಇಲ್ಲಿಗೆ ಹಡಗುಗಳು ಬರುತ್ತವೆ. ಜನ ಇಳಿದು ಗುಡ್ಡ ನೋಡುತ್ತಾರೆ, ನಮ್ಮ ಫೋಟೋ ತೆಗೆಯುತ್ತಾರೆ, ಖಂಡಿತ ಮತ್ತೆ ಬರುತ್ತೇವೆ ಅನ್ನುತ್ತಾರೆ. ಅಮ್ಮನ ಜೀವಮಾನದಲ್ಲಿ ಹಾಗೆ ಹೇಳಿ ಹೋದವರು ಯಾರೂ ನಮ್ಮ ಮನೆಗೆ ತಿರುಗಿ ಬಂದಿರಲಿಲ್ಲ. ನೀವು ಮತ್ತೆ ಬರುತ್ತೇನೆಂದು ಹೇಳಿಯೂ ಇರಲಿಲ್ಲ, ಆದರೂ ಬಂದಿರಿ. ಅದನ್ನೇ ಅಮ್ಮ ಕೊನೆಯ ತನಕ ಬಂದವರಿಗೆಲ್ಲ ಹೇಳುತ್ತಿದ್ದರು. ನೀವು ತಂದ ಸಿಹಿಯ ಹೆಸರೇನು? ಮತ್ತೆ ಯಾವಾಗ ಬರುತ್ತೀರಿ?"

ನೀಲಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಿ ಪೂರ್ತಿ ಕೇಳಿದಳು.

"ನೀವು ಬರದು ಎಷ್ಟು ದಿನಕ್ಕ ಬಂತ್ರಿ ಇದು?"

"ಐದು ತಿಂಗಳು."

ಅವಳು ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. "ಹಂಗಾರ ನಮ್ಮನಿಯವ್ರು ಇದ್ದಾಗ ಬರ್ತಿತ್ತು ಬಿಡ್ರಿ" ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಹೇಳಿ, ನನಗೆ ಚಹಾ ಇಡಲು ಒಳಗೆ ಹೋದಳು.

ಅವತ್ತು ಸಂಜೆಯೇ ಇನ್‌ಸ್ಟಿಟ್ಯೂಟಿನ ಬಾಗಿಲು ತೆಗೆದು ಉತ್ತರ ಟೈಪ್ ಮಾಡಿದೆ. ಸಿಹಿಯ ಹೆಸರು ತಂಬಿಟ್ಟು ಎಂದು ಬರೆದೆ, ಮಾಡುವ ಬಗೆ ಬರೆದೆ. ಕೊಟ್ರೇಶಣ್ಣ ಬರುವುದಿಲ್ಲ ಎಂದು ಬರೆದೆ. ವಿಳಾಸ, ಅಂಚೆಚೀಟಿ ಎಲ್ಲ ಸೇರಿ ಹದಿನೈದು ನಿಮಿಷ ಹಿಡಿಯಿತು.